ಗಾಜಿನೊಳಗಿನ ಗೆರೆ

“ಗೆರೆ ಎಲ್ಲಿದೆ ಚೋಟಿ?”

“ಅರ್ಧಕ್ಕಿಂತ ಒಂಚೂರು ಮೇಲಿದೆ ದೊಡ್ಡಪ್ಪ.”

“ಒಂಚೂರು ಅಂದ್ರೆ? ಅಕ್ಕಿಕಾಳಿನಷ್ಟಾ, ಹುಣಸೆಬೀಜದಷ್ಟಾ?”

ಚೋಟಿ ತಾರಸಿಯ ನೆಲದ ಮೇಲೆ ಬೋರಲು ಮಲಗಿದಳು. ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಎಂಜಿನ್ನಿನ ಹಿಂಬದಿಗೆ ತಂದಳು. ಅಲ್ಲಿ ಬೆಂಕಿಕಡ್ಡಿಗಿಂತ ತುಸು ದಪ್ಪಗಿನ ಗಾಜಿನ ಕೊಳವೆಯೊಂದು ನೆಟ್ಟಗೆ ನಿಂತಿತ್ತು. ಬಾಯ್ಲರಿನೊಳಗೆ ನೀರು ಎಷ್ಟಿದೆಯೋ ಅಷ್ಟೇ ಎತ್ತರಕ್ಕೆ ಆ ಕೊಳವೆಯಲ್ಲೂ ನೀರು ಏರಿರುತ್ತಿತ್ತು. ನೀರಿನ ನೆತ್ತಿ ಕೂದಲೆಳೆಯಂಥ ಒಂದು ಗೆರೆಯಾಗಿ ಕಾಣುತ್ತಿತ್ತು.

“ಅಕ್ಕಿಕಾಳಿನಷ್ಟು,” ಎಂದಳು ಚೋಟಿ.

“ಸಾಕು. ಇನ್ನು ಬಿಡೋಣ.”

ದೊಡ್ಡಪ್ಪ ಬೆರಳಿನಲ್ಲೇ ತಡಕಿ ಸಣ್ಣ ಹಿಡಿಯೊಂದನ್ನು ಮೆಲ್ಲಗೆ ತಿರುಗಿಸಿದರು. ಎಂಜಿನ್ ಮೊದಲು ನೆಗಡಿ ಬಂದವರ ಹಾಗೆ ಚಿಮಣಿಯಿಂದ ನೀರು ಸೀನಿತು. ಆಮೇಲೆ ಒಮ್ಮೆ ಛುಕ್ ಎಂದಿತು. ಸ್ವಲ್ಪ ಯೋಚನೆ ಮಾಡಿ ಇನ್ನೊಮ್ಮೆ ಛುಕ್ ಎಂದಿತು. ಮತ್ತೆ ಯೋಚನೆ ಮಾಡಲಿಲ್ಲ, ಓಡತೊಡಗಿತು.

ಮಲಗಿದ ಬೆಕ್ಕಿನಷ್ಟು ಉದ್ದದ ಎಂಜಿನ್ ಅದು. ತಾರಸಿಯ ಗೋಡೆಯ ಪಕ್ಕದಲ್ಲೇ ಸುತ್ತಲೂ ಇಟ್ಟಿಗೆ ಜೋಡಿಸಿ, ಮೇಲೆ ಹಲಗೆ ಹಾಸಿ, ಹಲಗೆಯ ಮೇಲೆ ಹಳಿ ಕೂರಿಸಿದ್ದರು. ನೀರಿನ ಟ್ಯಾಂಕಿನ ಹಿಂದೆ ಹೋಗಿ, ಬಟ್ಟೆ ಒಣಹಾಕುವ ಹಗ್ಗದ ಕೆಳಗೆ ಹಾದು, ಮೆಟ್ಟಿಲ ಬಾಗಿಲಿಗೆ ಬಂದರೆ ಒಂದು ಸುತ್ತು.

ದೊಡ್ಡಪ್ಪ ಸ್ಟೌ ಮತ್ತು ಕುಕ್ಕರ್ ರಿಪೇರಿ ಮಾಡುತ್ತಿದ್ದವರು. ಹಗಲೆಲ್ಲಾ ಊರವರ ಕುಕ್ಕರು, ಸಂಜೆ ಮೇಲೆ ತಮ್ಮ ಎಂಜಿನ್ನು. ಬಾಯ್ಲರಿಗೆ ಬೇಕಾದ ತಾಮ್ರ ಯಾರದೋ ಹಳೇ ಗೀಸರಿನಿಂದ ಬಂದಿತ್ತು. ಚಕ್ರಗಳನ್ನು ಒಂದೊಂದಾಗಿ ಲೇತಿನಲ್ಲಿ ಕಡೆಸಿದ್ದರು. ಎರಡು ಬಾಯ್ಲರ್ ಮಾಡಿ, ಸೋರಿದವು ಎಂದು ಒಡೆದು, ಮೂರನೆಯದನ್ನು ಉಳಿಸಿಕೊಂಡಿದ್ದರು. ಚೋಟಿ ಹುಟ್ಟುವ ಮೊದಲು ಶುರುವಾದ ಕೆಲಸ ಅವಳು ಶಾಲೆಗೆ ಸೇರಿದ ಮೇಲೆ ಮುಗಿಯಿತು.

“ಊರಿನ ಕುಕ್ಕರೆಲ್ಲಾ ಕೂಗುತ್ತೆ, ಈ ರೈಲೂ ಕೂಗುತ್ತೆ. ನಮ್ಮನೆ ಕುಕ್ಕರಿಗೆ ಮಾತ್ರ ಬಾಯಿ ಬಿದ್ದು ಹೋಗಿದೆ,” ಎಂದು ದೊಡ್ಡಮ್ಮ ಆಡಿಕೊಳ್ಳುತ್ತಿದ್ದರು.

“ಅದು ನಿನ್ನ ಮುಂದೆ ಬಾಯಿ ತೆಗೆಯಕ್ಕೆ ಹೆದರುತ್ತೆ,” ಎನ್ನುತ್ತಿದ್ದರು ದೊಡ್ಡಪ್ಪ.

ಎಂಜಿನ್ ಓಡಲು ಶುರುವಾದ ಮೇಲೆ ದೊಡ್ಡಪ್ಪನ ಕಣ್ಣು ಹೋಗಲು ಶುರುವಾಯಿತು. ಪೂರಾ ಅಲ್ಲ. ನೇರ ನೋಡಿದ ಜಾಗದಲ್ಲೇ ಒಂದು ಮಬ್ಬು ಬಂದು ಕೂತಿತು. ಅಕ್ಕಪಕ್ಕದ್ದು ಕಾಣುತ್ತಿತ್ತು, ನೋಡಬೇಕೆಂದದ್ದು ಕಾಣುತ್ತಿರಲಿಲ್ಲ. ಇದಕ್ಕೆ ಕನ್ನಡಕವೂ ಇಲ್ಲ, ಆಪರೇಷನ್ನೂ ಇಲ್ಲ ಎಂದರು ಡಾಕ್ಟರು. ದೊಡ್ಡಪ್ಪ ಅಂಗಡಿ ಮುಚ್ಚಿದರು.

“ನಿನ್ನ ಮುಖ ನೋಡ್ಬೇಕು ಅಂದ್ರೆ ನಾನು ನಿನ್ನ ಕಿವಿ ನೋಡ್ಬೇಕು ಕಣೇ,” ಎಂದು ಅವರು ಚೋಟಿಗೆ ಹೇಳಿ ನಗುತ್ತಿದ್ದರು. ಹಾಗೇ ನೋಡುತ್ತಲೂ ಇದ್ದರು. ಗೊತ್ತಿಲ್ಲದವರು ಇವರೇಕೆ ಹುಡುಗಿಯ ಕಿವಿಯ ಹತ್ತಿರ ಮಾತಾಡುತ್ತಾರೆ ಎಂದುಕೊಳ್ಳುತ್ತಿದ್ದರು.

ಎಂಜಿನ್ನಿನ ಮಿಕ್ಕೆಲ್ಲಾ ಕೆಲಸ ಅವರ ಬೆರಳಿಗೂ ಕಿವಿಗೂ ಬರುತ್ತಿತ್ತು. ಎಣ್ಣೆ ಬಿಡುವುದು, ಬಾಯ್ಲರಿನ ಕೆಳಗಿನ ದೀಪಕ್ಕೆ ಸ್ಪಿರಿಟ್ ತುಂಬುವುದು, ನಟ್ಟು ಬಿಗಿ ಮಾಡುವುದು. ಗಾಜಿನ ಗೆರೆಯೊಂದು ಮಾತ್ರ ಬೆರಳಿಗೆ ಸಿಗುವುದಿಲ್ಲ. ಆ ಕೆಲಸ ಚೋಟಿಯದು.

ಅವಳನ್ನು ಆ ಕೆಲಸಕ್ಕೆ ಸೇರಿಸಿಕೊಂಡ ದಿನ ದೊಡ್ಡಪ್ಪ ಹೇಳಿದ್ದು ಒಂದೇ ಮಾತು: “ಗಾಜು ಪೂರಾ ತುಂಬಿದ್ರೂ ಗೆರೆ ಕಾಣಲ್ಲ, ಪೂರಾ ಖಾಲಿ ಆದ್ರೂ ಕಾಣಲ್ಲ. ನೋಡಕ್ಕೆ ಎರಡೂ ಒಂದೇ. ಅದಕ್ಕೇ ಗೆರೆ ಕಾಣ್ಲಿಲ್ಲ ಅಂದ್ರೆ ಕಾಣ್ಲಿಲ್ಲ ಅನ್ನು, ಅಷ್ಟೇ. ಮುಂದಿಂದು ನಾನು ನೋಡ್ಕೋತೀನಿ.”

ಚೋಟಿ ತಲೆಯಾಡಿಸಿದ್ದಳು. ಅದೇನು ಮಹಾ ಎನ್ನಿಸಿತ್ತು.

*

ಗಲಾಟೆ ಶುರುವಾಗಿದ್ದು ಕ್ಲಾಸಿನಲ್ಲಿ.

“ನಮ್ಮ ದೊಡ್ಡಪ್ಪನ ಹತ್ರ ನಿಜವಾದ ಸ್ಟೀಮ್ ಎಂಜಿನ್ ಇದೆ,” ಎಂದು ಚೋಟಿ ಹೇಳಿದ್ದೇ ತಡ, ಹಿಂದಿನ ಬೆಂಚಿನಿಂದ ಲಾಯರ್ ಎದ್ದು ನಿಂತ. ಅವನನ್ನು ಎಲ್ಲರೂ ಕರೆಯುತ್ತಿದ್ದದ್ದೇ ಹಾಗೆ. ಮಿಸ್ ಹೋಮ್‌ವರ್ಕ್ ಕೇಳಿದರೂ ಅವನು ವಾದ ಮಾಡುತ್ತಿದ್ದ.

“ನಿಜವಾದ ಎಂಜಿನ್ ಮನೇಲಿ ಹಿಡಿಸುತ್ತಾ? ನಿಮ್ಮನೆ ಏನು ಸ್ಟೇಷನ್ನಾ?”

“ಚಿಕ್ಕದು ಕಣೋ. ಆದ್ರೆ ನಿಜವಾದ್ದೇ. ನೀರು ಕಾಯಿಸಿದ್ರೆ ಓಡುತ್ತೆ.”

“ನೀರು ಕಾಯಿಸಿದ್ರೆ ಓಡೋ ಹಾಗಿದ್ರೆ ನಮ್ಮಮ್ಮನ ಟೀ ಪಾತ್ರೆ ಇಷ್ಟೊತ್ತಿಗೆ ಊರು ಬಿಟ್ಟಿರ್ತಿತ್ತು! ಒಳಗೆ ಬ್ಯಾಟರಿ ಇಟ್ಟಿರ್ತಾರೆ ಬಿಡೇ. ಸಾಕ್ಷಿ ಇದ್ಯಾ?”

ಕ್ಲಾಸಿಗೆ ಕ್ಲಾಸೇ ನಕ್ಕಿತು. ಚೋಟಿಯ ಕಿವಿ ಬಿಸಿಯಾಯಿತು. “ಸಂಡೇ ಬಾ, ತೋರಿಸ್ತೀನಿ. ನೋಡಿದ್ಮೇಲೆ ಇಲ್ಲೇ ನಿಂತು ಎಲ್ಲರ ಮುಂದೆ ಹೇಳ್ಬೇಕು.”

“ಹೇಳ್ತೀನಿ. ಬ್ಯಾಟರಿ ಸಿಕ್ಕಿದ್ರೂ ಹೇಳ್ತೀನಿ!”

ಲಾಯರ್ ಭಾನುವಾರ ಬೆಳಿಗ್ಗೆ ತನ್ನ ಪುಟ್ಟ ತಂಗಿಯನ್ನೂ ಕರೆದುಕೊಂಡು ಬಂದ. ಕ್ಲಾಸಿನವರು ಅವಳಿಗೆ ಜೂನಿಯರ್ ಎಂದು ಹೆಸರಿಟ್ಟಿದ್ದರು. ಅವಳು ಅಣ್ಣನ ಅಂಗಿಯ ತುದಿ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು.

ದೊಡ್ಡಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು! ಎಂಜಿನ್ನನ್ನು ಎಣ್ಣೆಬಟ್ಟೆಯಿಂದ ಒರೆಸಿ ಒರೆಸಿ ಅದರಲ್ಲಿ ಆಕಾಶ ಕಾಣುವ ಹಾಗೆ ಮಾಡಿದ್ದರು.

“ಬನ್ನಿ ಸಾರ್, ಬ್ಯಾಟರಿ ಹುಡುಕಿ,” ಎಂದು ಲಾಯರನನ್ನು ಕರೆದರು. ಅವನು ನಿಜವಾಗಿಯೂ ಬಗ್ಗಿ, ಎಂಜಿನ್ನಿನ ಹೊಟ್ಟೆಯ ಕೆಳಗೆಲ್ಲಾ ಹುಡುಕಿದ. ಮೂಗಿಗೆ ಎಣ್ಣೆ ಮೆತ್ತಿಕೊಂಡು ಎದ್ದ.

“ಇವತ್ತು ನೋಡೋರು ಜಾಸ್ತಿ, ನೀರೂ ಜಾಸ್ತಿ ಇರ್ಲಿ,” ಎಂದು ದೊಡ್ಡಪ್ಪ ಬಾಯ್ಲರಿಗೆ ಎಂದಿಗಿಂತ ಹೆಚ್ಚು ನೀರು ಹಾಕಿದರು. “ಗೆರೆ ಎಲ್ಲಿದೆ ಚೋಟಿ?”

“ಮೇಲ್ಗಡೆ ತುದಿಗೆ ಬಂದ್ಬಿಟ್ಟಿದೆ.”

“ಹೂಂ. ಇನ್ನು ಸಾಕು.”

ಸ್ಪಿರಿಟ್ ದೀಪ ನೀಲಿಯಾಗಿ ಉರಿಯಿತು. ನೀರು ಕಾಯುವವರೆಗೂ ಲಾಯರ್ ಮೂರು ಸಲ ಗಂಟೆ ಎಷ್ಟೆಂದು ಕೇಳಿದ. ಆಮೇಲೆ ಎಂಜಿನ್ ಸೀನಿತು. ಛುಕ್ ಎಂದಿತು. ದೊಡ್ಡಪ್ಪ ವಿಷಲ್ಲಿನ ತಂತಿ ಎಳೆದರು. ಕೀ ಎಂದು ಅದು ಕೂಗಿದ ಕೂಗಿಗೆ ಟ್ಯಾಂಕಿನ ಮೇಲೆ ಕೂತಿದ್ದ ಪಾರಿವಾಳಗಳೆಲ್ಲಾ ಹಾರಿದವು. ಜೂನಿಯರ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡುಬಿಟ್ಟಳು.

ಲಾಯರನ ಬಾಯಿ ಸುಮ್ಮನೆ ತೆರೆದಿತ್ತು. ಎಂಜಿನ್ನಿನ ಹಿಂದೆ ತಾನೂ ಸುತ್ತು ಹೊಡೆದ, ಬಗ್ಗಿದ ಬೆನ್ನು ಎತ್ತದೆ. ಸ್ಪಿರಿಟ್ ಮುಗಿದು ಎಂಜಿನ್ ತಾನಾಗಿ ನಿಂತಾಗ, “ಹಬೆಯಲ್ಲೇ ಕಣೇ! ಹಬೆಯಲ್ಲೇ ಓಡುತ್ತೆ!” ಎಂದ, ತಾನೇ ಕಂಡುಹಿಡಿದವನ ಹಾಗೆ.

ಚೋಟಿಗೆ ತಾನು ನೆಲದಿಂದ ಎರಡು ಗೇಣು ಮೇಲೆದ್ದ ಹಾಗಾಯಿತು.

ಅಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು.

“ನಾನು ನೋಡ್ಲೇ ಇಲ್ಲ,” ಎಂದು ಜೂನಿಯರ್ ಮುಖ ಸಣ್ಣದು ಮಾಡಿಕೊಂಡಳು.

“ಮುಖ ಮುಚ್ಕೊಂಡ್ರೆ ಏನು ಕಾಣುತ್ತೆ? ಅಂಕಲ್, ಇನ್ನೊಂದು ಸಲ! ಪ್ಲೀಸ್ ಅಂಕಲ್!” ಲಾಯರ್ ಗೋಗರೆದ. ಅಷ್ಟರಲ್ಲಿ ಕೆಳಗೆ ರಸ್ತೆಯಿಂದ ಅವನ ಅಮ್ಮ ಕೂಗಿದರು. “ಬಂದೇ ಅಮ್ಮಾ, ಐದೇ ನಿಮಿಷ!”

ದೊಡ್ಡಪ್ಪನಿಗೂ ಉಮೇದು ಬಂದಿತ್ತು. ದೀಪಕ್ಕೆ ಮತ್ತೆ ಸ್ಪಿರಿಟ್ ತುಂಬಿದರು. ಮಕ್ಕಳಿಬ್ಬರೂ ಒಟ್ಟಿಗೆ ಪಟಪಟ ಮಾತಾಡುತ್ತಿದ್ದರು. ಆ ಗದ್ದಲದ ನಡುವೆಯೇ ಅವರು ಎಂದಿನಂತೆ, ಉಸಿರಾಡಿದಷ್ಟು ಸಲೀಸಾಗಿ ಕೇಳಿದರು: “ಗೆರೆ ಎಲ್ಲಿದೆ ಚೋಟಿ?”

ಚೋಟಿ ಬಗ್ಗಿ ನೋಡಿದಳು. ಗಾಜು ಥಳಥಳ ಹೊಳೆಯುತ್ತಿತ್ತು. ಗೆರೆ ಇರಲಿಲ್ಲ.

ಕಾಣ್ಲಿಲ್ಲ ಎಂದರೆ ದೊಡ್ಡಪ್ಪ ದೀಪ ಹಚ್ಚುವುದಿಲ್ಲ. ಬಾಯ್ಲರ್ ಆರಬೇಕು, ಒಳಗಿನ ಹಬೆ ಬಿಡಬೇಕು, ಬಿರಡೆ ತೆಗೆದು ನೀರು ಹಾಕಬೇಕು, ಮತ್ತೆ ಮೊದಲಿನಿಂದ ಕಾಯಿಸಬೇಕು. ಅಷ್ಟರಲ್ಲಿ ಲಾಯರ್ ಹೊರಟೇ ಹೋಗಿರುತ್ತಾನೆ. ಇವತ್ತು ನೀರು ಅಷ್ಟೊಂದು ಹಾಕಿದ್ದಾರಲ್ಲ, ತುದಿಯವರೆಗೂ ಇತ್ತಲ್ಲ, ಮೇಲೇ ಇರಬೇಕು ಅದು. ಮೇಲೇ ಇರುತ್ತೆ.

“ಮೇಲಿದೆ ದೊಡ್ಡಪ್ಪ.”

ಅವರು ಕಡ್ಡಿ ಗೀರಿದರು.

*

ಹೊಸ ಸ್ಪಿರಿಟ್ಟಿನ ಬಿಸಿಗೆ ಎಂಜಿನ್ ಬೇಗನೆ ಹೊರಟಿತು. ಟ್ಯಾಂಕಿನ ಹಿಂದೆ ಹೋಗಿ ಬರುವಷ್ಟರಲ್ಲಿ ಅದರ ದನಿ ಬದಲಾಗಿತ್ತು. ಛುಕ್ ಅನ್ನುವುದು ಹೋಗಿ, ಗಂಟಲೊಣಗಿದವರು ಉಸಿರೆಳೆದ ಹಾಗೆ ಕೇಳಿತು. ದೊಡ್ಡಪ್ಪ ಕತ್ತು ವಾರೆ ಮಾಡಿದರು.

“ಯಾಕೆ ಹೀಗೆ...” ಎಂದವರು ಗಾಳಿ ಮೂಸಿದರು. ಬಣ್ಣ ಸುಟ್ಟ ವಾಸನೆ. “ಎಲ್ಲಾ ಹಿಂದಕ್ಕೆ ಹೋಗಿ! ಬಾಗಿಲ ಹತ್ರ ಹೋಗಿ!”

ಬಟ್ಟೆ ಹಗ್ಗದ ಕೆಳಗೆ ಎಂಜಿನ್ ನಿಂತೇ ಹೋಯಿತು. ಅದರ ಹೊಟ್ಟೆಯ ಕೆಳಗಿನಿಂದ ಬೆಳ್ಳಗೆ ಹೊಳೆಯುವ ಹನಿಯೊಂದು ಹಳಿಯ ಮೇಲೆ ಬಿತ್ತು. ಆಮೇಲೆ ಇನ್ನೊಂದು. ಅದು ನೀರಲ್ಲ, ಬೆಸುಗೆ. ಬಾಯ್ಲರನ್ನು ಕೂಡಿಸಿದ್ದ ಬೆಸುಗೆ ಕರಗಿ ತೊಟ್ಟಿಕ್ಕುತ್ತಿತ್ತು. ಚಿಮಣಿ, ನಿದ್ದೆ ಬಂದ ಮಗುವಿನ ತಲೆಯ ಹಾಗೆ, ಒಂದು ಕಡೆಗೆ ಮೆಲ್ಲಗೆ ವಾಲಿತು.

ದೊಡ್ಡಪ್ಪ ಮಂಡಿಯೂರಿ, ತಡಕಾಡಿ, ಉರಿಯುವ ದೀಪವನ್ನು ಹೊರಗೆಳೆದರು. ಹಳಿಯ ಬಳಿ ಸದಾ ಇಟ್ಟಿರುತ್ತಿದ್ದ ಒದ್ದೆ ಗೋಣಿಯನ್ನು ಅದರ ಮೇಲೆ ಹಾಕಿದರು. ಎರಡು ಬೆರಳು ಸುಟ್ಟುಕೊಂಡರು. ಆಗಲೂ ಅವರು ಕೇಳಿದ್ದು, “ಮಕ್ಕಳಿಗೆ ಏನೂ ಆಗಿಲ್ಲ ತಾನೆ?”

ಏನೂ ಆಗಿರಲಿಲ್ಲ. ಲಾಯರ್ ತಂಗಿಯನ್ನು ಎತ್ತಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದ. “ಥ್ಯಾಂಕ್ಸ್ ಅಂಕಲ್,” ಎಂದು ಪಿಸುಗುಟ್ಟಿ ಇಳಿದುಹೋದ.

ಸುಟ್ಟ ವಾಸನೆಗೆ ದೊಡ್ಡಮ್ಮ ಓಡಿ ಬಂದರು. ಬೆರಳು ನೋಡಿ ಹೌಹಾರಿದರು. “ಏನಾಯ್ತು ರೀ?”

“ನೀರು ಖಾಲಿಯಾಗಿತ್ತು. ಬಾಯ್ಲರ್ ಸುಟ್ಟೋಯ್ತು.”

“ನೀರು ನೋಡ್ದೇ ಬೆಂಕಿ ಹಚ್ಚಿದ್ರಾ?”

ದೊಡ್ಡಪ್ಪ ಸ್ವಲ್ಪ ಹೊತ್ತು ನೆನಪು ಮಾಡಿಕೊಂಡರು. ಹಣೆ ಉಜ್ಜಿದರು. “ಕೇಳಿದೆ ಅನ್ಕೊಂಡೆ... ಇಲ್ಲ, ಮಕ್ಕಳ ಗಲಾಟೇಲಿ ಕೇಳೋದು ಮರೆತೆ ಅನ್ಸುತ್ತೆ. ವಯಸ್ಸಾಯ್ತು ನೋಡು.”

ಚೋಟಿ ಬಾಯಿ ತೆರೆದಳು. ಅಷ್ಟರಲ್ಲೇ ದೊಡ್ಡಮ್ಮ ಸ್ಪಿರಿಟ್ ಡಬ್ಬಿಯನ್ನು ಎತ್ತಿಕೊಂಡು, “ಇನ್ಮೇಲೆ ಈ ಮನೇಲಿ ನೀವು ಬೆಂಕಿ ಮುಟ್ಟೋದು ಬೇಡ,” ಎಂದು ಕೆಳಗೆ ನಡೆದರು. ಆ ಹೊತ್ತು ಹಾಗೇ ಜಾರಿಹೋಯಿತು.

*

ಮರುದಿನ ಲಾಯರ್ ಮಾತಿಗೆ ತಪ್ಪಲಿಲ್ಲ. ಕ್ಲಾಸಿನಲ್ಲಿ ಎದ್ದು ನಿಂತು, “ನಾನು ಚೆಕ್ ಮಾಡಿದೀನಿ. ಬ್ಯಾಟರಿ ಇಲ್ಲ. ನಿಜವಾದ ಸ್ಟೀಮ್. ಯಾರಾದ್ರೂ ಸುಳ್ಳು ಅಂದ್ರೆ ನಾನೇ ಸಾಕ್ಷಿ,” ಎಂದ. ಎಲ್ಲರೂ ಚೋಟಿಯ ಕಡೆ ತಿರುಗಿದರು. ಅವಳು ಬೆಂಚಿನ ಮೇಲಿನ ಮಸಿ ಕಲೆಯನ್ನು ಉಗುರಿನಿಂದ ಕೆರೆಯುತ್ತಿದ್ದಳು.

“ಮತ್ತೆ ಯಾವಾಗ ಓಡಿಸ್ತಾರೆ?” ಎಂದು ಯಾರೋ ಕೇಳಿದರು.

“ಗೊತ್ತಿಲ್ಲ,” ಎಂದಳು.

ಎಂಜಿನ್ ಸುಟ್ಟಿದ್ದಕ್ಕಿಂತ ಬೇರೆಯದೊಂದು ಅವಳನ್ನು ಕಾಡತೊಡಗಿತು. ದೊಡ್ಡಪ್ಪ ಬಾಗಿಲು ಹಾಕಿ ಬಂದವರು ಮತ್ತೆ ಎದ್ದು ಹೋಗಿ ಚಿಲಕ ಮುಟ್ಟಿ ನೋಡುತ್ತಿದ್ದರು. ನಲ್ಲಿ ನಿಲ್ಲಿಸಿದೆನಾ ಎಂದು ಕೇಳುತ್ತಿದ್ದರು. “ಮಾತ್ರೆ ತಗೊಂಡ್ನಾ ನಾನು?” ಎಂದು ದೊಡ್ಡಮ್ಮನನ್ನು ಊಟವಾದ ಮೇಲೆ ಕೇಳಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಕೇಳುತ್ತಿದ್ದರು.

“ಈಗ ತಾನೆ ನುಂಗಿದ್ರಲ್ಲ!”

“ನನ್ನ ನಂಬಬೇಡ ಮಾರಾಯ್ತಿ. ಕಣ್ಣು ಹೋಯ್ತು ಅಂದ್ರೆ ಹೋಗ್ಲಿ ಅನ್ಕೊಂಡಿದ್ದೆ. ಈಗ ತಲೇನೂ ಹೋಗ್ತಿದೆ.”

ದೊಡ್ಡಮ್ಮ ಈಗ ತಮಾಷೆ ಮಾಡುತ್ತಿರಲಿಲ್ಲ. ಅವರು ಸುಮ್ಮನೆ ಮಾತ್ರೆಯ ಡಬ್ಬಿಯನ್ನು ತಮ್ಮ ಹತ್ತಿರ ಇಟ್ಟುಕೊಂಡರು.

ಹೇಳಬೇಕು ಎಂದು ಚೋಟಿ ದಿನವೂ ತನ್ನ ಮನೆಯಿಂದ ಅವರ ಬಾಗಿಲವರೆಗೆ ಬರುತ್ತಿದ್ದಳು. ಚಪ್ಪಲಿ ಬಿಡುವಾಗ ಧೈರ್ಯ ಇರುತ್ತಿತ್ತು. ಒಳಗೆ ಹೋಗುವಷ್ಟರಲ್ಲಿ ಅದೂ ಚಪ್ಪಲಿಯ ಜೊತೆ ಹೊರಗೇ ಉಳಿಯುತ್ತಿತ್ತು.

ಒಂದು ಸಂಜೆ ದೊಡ್ಡಪ್ಪನೇ ಕರೆದರು. “ಬಾರೇ ಚೋಟಿ. ಬಾಯ್ಲರ್ ಎಷ್ಟು ಕೆಟ್ಟಿದೆ ನೋಡೋಣ. ಬೆಂಕಿ ಇಲ್ಲ, ಬರೀ ತಣ್ಣೀರು. ನಿಮ್ಮ ದೊಡ್ಡಮ್ಮನಿಂದ ಪರ್ಮಿಷನ್ ಸಿಕ್ಕಿದೆ.”

ಅಂಗಡಿಯಾಗಿದ್ದ ಮುಂದಿನ ಕೋಣೆಯಲ್ಲಿ ಅವರ ಹಳೇ ಮೇಜು ಇನ್ನೂ ಇತ್ತು. ಅದರ ಮೇಲೆ ನ್ಯೂಸ್‌ಪೇಪರ್ ಹಾಸಿ, ಚಕ್ರ ಬಿಚ್ಚಿದ ಬಾಯ್ಲರನ್ನು ಮಲಗಿಸಿದ್ದರು. ಒಂದು ಮಗ್ಗಲು ಕಪ್ಪಾಗಿ, ಬಣ್ಣ ಗುಳ್ಳೆ ಎದ್ದಿತ್ತು.

“ಹೊಸ ಬಾಯ್ಲರನ್ನೂ ಹೀಗೇ ನೋಡೋದು. ನೀರು ಪೂರಾ ತುಂಬಿ, ಪಂಪಿಂದ ಒತ್ತಬೇಕು. ಬೆಸುಗೆ ಎಲ್ಲಿ ಬಿಟ್ಟಿದೆಯೋ ಅಲ್ಲಿ ಹನಿ ಬರುತ್ತೆ. ಒಂದೆರಡು ಕಡೆ ಆದ್ರೆ ಯಾರ ಕೈಲಾದ್ರೂ ಹಚ್ಚಿಸ್ಬಹುದು. ಸುತ್ತ ಬಿಟ್ಟಿದ್ರೆ ಪೂರಾ ಬಿಚ್ಚಿ, ಮತ್ತೆ ಮೊದಲಿಂದ ಕೂಡಿಸ್ಬೇಕು. ಬೆಸುಗೆ ಕರಗಿ ಫಳಕ್ ಅಂತ ಹೊಳೆಯುತ್ತಲ್ಲ, ಆ ಗಳಿಗೇಲಿ ಬೆಂಕಿ ತೆಗೀಬೇಕು. ಅದನ್ನ ನಾನೀಗ ನೋಡಕ್ಕಾಗಲ್ಲ.”

ನಾನು ನೋಡಿ ಹೇಳ್ತೀನಿ ಎನ್ನಬೇಕೆನ್ನಿಸಿತು ಚೋಟಿಗೆ. ನೋಡಿ ಹೇಳಿದ್ದಕ್ಕೇ ಅಲ್ಲವೇ ಇದು ಇಲ್ಲಿ ಹೀಗೆ ಮಲಗಿರುವುದು.

ದೊಡ್ಡಪ್ಪ ಆಲಿಕೆ ಇಟ್ಟು ನೀರು ಸುರಿದರು, ಬಿರಡೆ ಬಿಗಿದರು. ಆಮೇಲೆ ತಮಗೇ ಗೊತ್ತಿಲ್ಲದೆ, ಹಳೇ ಅಭ್ಯಾಸದಲ್ಲಿ ಕೇಳಿದರು: “ಗೆರೆ ಎಲ್ಲಿದೆ ಚೋಟಿ?”

ಚೋಟಿ ಬಗ್ಗಿದಳು. ಗಾಜಿನ ಕೊಳವೆ ಹೇಗೋ ಒಡೆಯದೆ ಉಳಿದಿತ್ತು. ಪೂರಾ ತುಂಬಿದ ಗಾಜು. ಥಳಥಳ ಹೊಳೆಯುತ್ತಿತ್ತು. ಅವತ್ತು ಕಂಡ ಹಾಗೇ, ಚೂರೂ ವ್ಯತ್ಯಾಸವಿಲ್ಲದೆ.

“ಗೆರೆ ಕಾಣ್ತಿಲ್ಲ ದೊಡ್ಡಪ್ಪ.”

“ಹೂಂ, ತುಂಬಿದೆಯಲ್ಲ,” ಎಂದು ಅವರು ಪಂಪಿಗೆ ಕೈ ಹಾಕಿದರು.

“ಅವತ್ತೂ ಕಾಣ್ಲಿಲ್ಲ.”

ಪಂಪಿನ ಮೇಲಿನ ಕೈ ನಿಂತಿತು.

“ಎರಡನೇ ಸಲ ಬಿಡೋವಾಗ. ಹೀಗೇ ಇತ್ತು. ನಾನು... ಮೇಲಿದೆ ಅಂದ್ಬಿಟ್ಟೆ.”

ಗೋಡೆಯ ಆಚೆ ದೊಡ್ಡಮ್ಮ ಪಾತ್ರೆ ಜೋಡಿಸುವ ಸದ್ದು ಕೇಳುತ್ತಿತ್ತು. ಬೈಯುತ್ತಾರೆ ಎಂದು ಚೋಟಿ ಕಾದಳು. ಬೈದುಬಿಟ್ಟರೆ ಸಾಕು ಎನ್ನಿಸಿತ್ತು ಅವಳಿಗೆ.

“ಹಾಗಾದ್ರೆ,” ಎಂದರು ದೊಡ್ಡಪ್ಪ ಕೊನೆಗೆ, “ನಾನು ಕೇಳಿದ್ದೆ?”

“ಕೇಳಿದ್ರಿ.”

“ಮರ್ತಿರ್ಲಿಲ್ಲ?”

“ಇಲ್ಲ ದೊಡ್ಡಪ್ಪ. ನೀವು ಕೇಳಿದ್ರಿ. ಸರಿಯಾಗೇ ಕೇಳಿದ್ರಿ.”

ಅವರು ಕುರ್ಚಿಗೆ ಒರಗಿದರು. ಇಷ್ಟು ದಿನ ಹಿಡಿದಿಟ್ಟಿದ್ದ ಉಸಿರೊಂದು ಹೊರಗೆ ಬಂತು. ಸುಟ್ಟು ಸಿಪ್ಪೆ ಎದ್ದಿದ್ದ ಎರಡು ಬೆರಳನ್ನು ಹೆಬ್ಬೆರಳಿನಿಂದ ಸುಮ್ಮನೆ ಸವರಿಕೊಂಡರು. ಆಮೇಲೆ ಮುಖ ತಿರುಗಿಸಿ, ಚೋಟಿಯ ಕಿವಿಯನ್ನು ನೋಡಿದರು. ತುಂಬ ಹೊತ್ತು ನೋಡಿದರು. ಚೋಟಿ ಮುಖ ತಗ್ಗಿಸಲಿಲ್ಲ.

“ಸರಿ, ಒತ್ತಲಾ?” ಎಂದರು.

“ಒತ್ತಿ.”

ಪಂಪಿನ ಹಿಡಿ ಕೆಳಗಿಳಿಯಿತು, ಮೇಲೆದ್ದಿತು. ಚೋಟಿ ಮೂಗು ತಾಗುವಷ್ಟು ಹತ್ತಿರ ಬಗ್ಗಿದಳು. ತಾಮ್ರದ ಅಂಚಿನಲ್ಲಿ ಒಂದು ಹನಿ ಮೂಡಿತು, ಸೂಜಿಮೊನೆಯಷ್ಟು. ಒಂದೇ ಇರಲಿ, ಒಂದೇ ಸಾಕು ಎಂದುಕೊಳ್ಳುತ್ತಿದ್ದ ಹಾಗೇ ಅದರ ಪಕ್ಕದಲ್ಲಿ ಇನ್ನೊಂದು ಮೂಡಿತು.

“ಚಿಮಣಿ ಕೆಳಗೆ ಒಂದು,” ಎಂದಳು. “ಅದರ ಪಕ್ಕ ಇನ್ನೊಂದು.”

“ಮುಂದೆ?”

“ಬಿರಡೆ ಹತ್ರ. ಹಿಂದ್ಗಡೆ ಮೂಲೇಲಿ... ಅಲ್ಲೂ ಬರ್ತಿದೆ.”

ನ್ಯೂಸ್‌ಪೇಪರಿನ ಮೇಲೆ ಟಪ್ ಎಂದು ಹನಿ ಬಿತ್ತು. ದೊಡ್ಡಪ್ಪನಿಗೂ ಅದು ಕೇಳಿಸಿತು. ಆದರೂ ಅವರು ಪಂಪ್ ಬಿಡಲಿಲ್ಲ.

“ಇನ್ನೂ ಇದೆಯಾ?”

ಚೋಟಿಯ ಕಣ್ಣು ತುಂಬಿ ಎಲ್ಲಾ ಮಬ್ಬಾಗಿತ್ತು. ಅವಳು ಲಂಗದಿಂದ ಕಣ್ಣೊರೆಸಿಕೊಂಡು, ಮತ್ತೆ ಬಗ್ಗಿ ಸರಿಯಾಗಿ ನೋಡಿದಳು.

“ಇದೆ ದೊಡ್ಡಪ್ಪ,” ಎಂದಳು. “ಸುತ್ತಲೂ ಇದೆ.”